ಊರೇ ಕರೆದು ಕೊಡುವ ಪಿಆರ್

ಭೀಮಾ ನದಿಯ ದಂಡೆಯಲ್ಲಿರುವ ದೌಂಡ, ಕನ್ನಡಿಗರಲ್ಲಿ ಬಹಳ ಮಂದಿಗೆ ರೈಲಿನ ಕಿಟಕಿಯಿಂದಷ್ಟೇ ಪರಿಚಯವಿರುವ ಊರು. ರಾಯಚೂರು, ಕಲಬುರಗಿ, ಸೊಲ್ಲಾಪುರ ದಾಟಿ ಮುಂಬಯಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿ ನಿಂತು ಪುಣೆಯ ಕಡೆ ಸಾಗುತ್ತದೆ. ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್ ಇಲ್ಲಿಂದ ಮನಮಾಡದ ಹಾದಿ ಹಿಡಿಯುತ್ತದೆ. ಈ ಊರಿನಲ್ಲೂ ಈಗ ಪಿಆರ್, ಅಂದರೆ ವಿದೇಶದಲ್ಲಿ ಕಾಯಂ ವಾಸದ ಹಕ್ಕಿನ ಮಾತು ಕೇಳುತ್ತದೆ. ಕುರಕುಂಭದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಫಿಟರ್, ಎಲೆಕ್ಟ್ರಿಷಿಯನ್, ಬಾಯ್ಲರ್ ಅಟೆಂಡೆಂಟ್, ಪುಣೆಯ ಆಸ್ಪತ್ರೆಗಳಿಗೆ ದಿನವೂ ರೈಲು ಹತ್ತುವ ನರ್ಸ್, ಐಟಿಐ ಮುಗಿಸಿ ರೈಲ್ವೆಯಲ್ಲಿ ಅಪ್ರೆಂಟಿಸ್ ಮಾಡಿದ ಹುಡುಗ, ಇವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್‌ಗೆ ತೆರೆಯುವ ಬಾಗಿಲು ನಮಗೂ ತೆರೆಯುತ್ತದೆಯೇ?

ತೆರೆಯುತ್ತದೆ. ಬಾಗಿಲು ಮಾತ್ರ ಬೇರೆ. ಕೆನಡಾದಲ್ಲಿ ಅದಕ್ಕೆ ಪಿಎನ್‌ಪಿ, ಅಂದರೆ ಪ್ರಾಂತ್ಯ ಮಾಡುವ ನಾಮನಿರ್ದೇಶನ. ಆಸ್ಟ್ರೇಲಿಯಾದಲ್ಲಿ ಜನರ ಬಾಯಲ್ಲಿ ಅದು ಬರೀ ‘190’ ಮತ್ತು ‘491’, ಎರಡೂ ವೀಸಾಗಳ ಸಂಖ್ಯೆ. ಎರಡು ದೇಶಗಳಲ್ಲೂ ಒಳಗಿರುವ ತತ್ವ ಒಂದೇ. ಒಂದು ಪ್ರದೇಶ ತನಗೆ ಯಾವ ಕೆಲಸಗಾರರು ಸಾಲರು ಎಂದು ಲೆಕ್ಕ ಹಾಕಿ, ಆ ಕೆಲಸ ಬಲ್ಲವರಲ್ಲಿ ಕೆಲವರನ್ನು ಆರಿಸಿ, ಇವರು ನಮಗೆ ಬೇಕು ಎಂದು ಕೇಂದ್ರ ಸರ್ಕಾರಕ್ಕೆ ಬರೆದುಕೊಡುತ್ತದೆ. ಕೇಂದ್ರ ಅದನ್ನು ಪರಿಶೀಲಿಸಿ ವೀಸಾ ಕೊಡುತ್ತದೆ. ಇಲ್ಲಿ ಮೊದಲು ಮಾತಾಡುವುದು ಆ ಊರಿನ ಅಗತ್ಯ, ಅರ್ಜಿದಾರನ ಆಸೆ ಬರುವುದು ಅದರ ನಂತರ. ಈ ಅನುಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಫೈಲು ಹಾಕಿದವರೇ ಹೆಚ್ಚು ಹಣ ಕಳೆದುಕೊಳ್ಳುತ್ತಾರೆ. ಈ ಅಂಕಣದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ದೌಂಡಕ್ಕೆ ಈ ತತ್ವ ಹೊಸದಲ್ಲ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಪುಣೆಯಿಂದ ಈ ಮಾರ್ಗವಾಗಿ 1860ರಲ್ಲಿ ಸೊಲ್ಲಾಪುರ ಮುಟ್ಟಿತು, 1871ರಲ್ಲಿ ರಾಯಚೂರಿಗೆ ಬಂದು ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. 1878ರಲ್ಲಿ ಮನಮಾಡದ ಕವಲು ಶುರುವಾದ ಮೇಲೆ ದೌಂಡ ದೊಡ್ಡ ಜಂಕ್ಷನ್ ಆಯಿತು. ಉಗಿಬಂಡಿ ಓಡಿಸುವುದು, ಅದರ ಬಾಯ್ಲರ್ ನೋಡಿಕೊಳ್ಳುವುದು, ಸಿಗ್ನಲ್ ಕಾಯುವುದು, ಇವನ್ನು ಬಲ್ಲವರು ಆಗ ಸುತ್ತಲಿನ ಹಳ್ಳಿಗಳಲ್ಲಿ ಎಲ್ಲಿದ್ದರು? ಹೊರಗಿನಿಂದ ಕರೆಸಬೇಕಾಯಿತು. ಹಾಗೆ ಬಂದವರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಎದ್ದು ಕಾಣುವಷ್ಟಿದ್ದವು, ಈಗಲೂ ಆ ಸಮುದಾಯದ ಹೆಸರು ದೌಂಡದ ಜೊತೆ ಸೇರಿಯೇ ಬರುತ್ತದೆ. ಕರೆದವರನ್ನು ಉಳಿಸಿಕೊಳ್ಳುವುದು ಹೇಗೆಂದು ರೈಲ್ವೆ ಕಂಪನಿಗಳಿಗೆ ಗೊತ್ತಿತ್ತು. ಕ್ವಾರ್ಟರ್ಸ್, ಆಸ್ಪತ್ರೆ, ಸಂಜೆ ಸೇರಲು ಇನ್‌ಸ್ಟಿಟ್ಯೂಟ್, ಇವು ರೈಲ್ವೆ ಕಾಲೊನಿಗಳಲ್ಲಿ ಎದ್ದದ್ದು ಅದಕ್ಕಾಗಿಯೇ.

ಸ್ವಾತಂತ್ರ್ಯದ ನಂತರ ಇದೇ ಸಮುದಾಯ ದೇಶದಾಚೆಗೆ ಹೊರಟಿತು. ರೈಲ್ವೆ, ಕಸ್ಟಮ್ಸ್, ಅಂಚೆ, ತಂತಿ ಇಲಾಖೆಗಳಲ್ಲಿ ಅವರಿಗಿದ್ದ ಮೀಸಲಾತಿಯನ್ನು ಸಂವಿಧಾನದ 336ನೇ ವಿಧಿ ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸಿತು. ಹಲವರು ಇಂಗ್ಲೆಂಡಿಗೆ, ಮುಂದೆ ಆಸ್ಟ್ರೇಲಿಯಾ, ಕೆನಡಾಗಳಿಗೆ ಹೋದರು. ಆದರೆ ಆಗಿನ ಆಸ್ಟ್ರೇಲಿಯಾ ಕೇಳುತ್ತಿದ್ದ ಪ್ರಶ್ನೆ ನೆನಪಿಸಿಕೊಂಡರೆ ಮನಸ್ಸಿಗೆ ಕಹಿಯಾಗುತ್ತದೆ. 1901ರ ಕಾನೂನಿನಿಂದ ಆರಂಭವಾದ ಬಿಳಿಯರ ಆಸ್ಟ್ರೇಲಿಯಾ ನೀತಿ 1966ರಲ್ಲಿ ಸಡಿಲಗೊಂಡು, 1973ರಲ್ಲಿ ಪೂರ್ತಿ ಕೊನೆಯಾಯಿತು. ಅಲ್ಲಿಯವರೆಗೆ ಒಬ್ಬ ಒಳ್ಳೆಯ ಎಂಜಿನ್ ಡ್ರೈವರನ ಕೈಚಳಕಕ್ಕಿಂತ ಅವನ ಅಜ್ಜ ಎಲ್ಲಿಯವನು, ಮೈಬಣ್ಣ ಎಂಥದು ಎಂಬುದೇ ದೊಡ್ಡದಾಗಿತ್ತು. ಕೆನಡಾ 1962ರಲ್ಲಿ ಜನಾಂಗದ ಅಡ್ಡಿ ತೆಗೆದು, 1967ರಲ್ಲಿ ವಿದ್ಯೆ, ಕೆಲಸ, ಭಾಷೆ, ವಯಸ್ಸುಗಳಿಗೆ ಅಂಕ ಕೊಡುವ ಪದ್ಧತಿ ತಂದಿತು. ಇಂದು ಐಟಿಐ ಪ್ರಮಾಣಪತ್ರ ಹಿಡಿದ ಹುಡುಗನೊಬ್ಬ ಪರ್ತ್‌ಗೆ ಅರ್ಜಿ ಹಾಕಬಲ್ಲನೆಂದರೆ ಅದು ಈ ಬದಲಾವಣೆಯ ಫಲ. ಅಂಕ ಪದ್ಧತಿಯಲ್ಲಿ ಕೊರತೆಗಳು ಬೇಕಾದಷ್ಟಿವೆ, ಆದರೂ ಅದು ವಂಶಾವಳಿಯನ್ನು ಕೇಳುವುದಿಲ್ಲ. ಇದನ್ನು ನಾನು ಸಣ್ಣ ಸಂಗತಿ ಎಂದುಕೊಳ್ಳಲಾರೆ.

ಅಂಕ ಪದ್ಧತಿ ಬಂದ ಮೇಲೆ ಬೇರೊಂದು ತೊಡಕು ಕಾಣಿಸಿತು. ಬಂದವರೆಲ್ಲ ಟೊರಾಂಟೊ, ವ್ಯಾಂಕೂವರ್, ಮಾಂಟ್ರಿಯಲ್‌ಗಳಲ್ಲೇ ಇಳಿದರು, ಅಲ್ಲೇ ಉಳಿದರು. ಬಯಲು ಸೀಮೆಯ ಮ್ಯಾನಿಟೋಬಾ, ಸಸ್ಕಾಚೆವಾನ್‌ಗಳ ಕಡೆ ಮುಖ ಮಾಡಿದವರು ಕಡಿಮೆ. ಅಲ್ಲಿಯ ಯುವಕರೂ ಊರು ಬಿಡುತ್ತಿದ್ದರು. ಪ್ರಾಂತ್ಯಗಳು ತಾವೇ ಜನರನ್ನು ಆರಿಸಿಕೊಳ್ಳುತ್ತೇವೆ ಎಂದವು. ನಮಗೆ ಇದು ವಿಚಿತ್ರವೆನಿಸಬಹುದು. ನಮ್ಮ ಸಂವಿಧಾನದಲ್ಲಿ ಪಾಸ್‌ಪೋರ್ಟ್, ವೀಸಾ, ದೇಶದೊಳಕ್ಕೆ ಪ್ರವೇಶ ಇವೆಲ್ಲ ಏಳನೇ ಅನುಸೂಚಿಯ ಕೇಂದ್ರಪಟ್ಟಿಯಲ್ಲಿವೆ, ಕರ್ನಾಟಕವಾಗಲಿ ಮಹಾರಾಷ್ಟ್ರವಾಗಲಿ ಅದರಲ್ಲಿ ಕೈ ಹಾಕುವಂತಿಲ್ಲ. ಕೆನಡಾದ 1867ರ ಸಂವಿಧಾನ ಕಾಯ್ದೆಯ 95ನೇ ಕಲಮು ವಲಸೆಯನ್ನು ಕೃಷಿಯ ಜೊತೆ ಸೇರಿಸಿ ಕೇಂದ್ರ, ಪ್ರಾಂತ್ಯ ಎರಡಕ್ಕೂ ಕೊಟ್ಟಿದೆ. ಕ್ವಿಬೆಕ್ 1991ರಲ್ಲೇ ತನ್ನದೇ ಒಪ್ಪಂದ ಮಾಡಿಕೊಂಡಿತು. ಮ್ಯಾನಿಟೋಬಾ ಮೊದಲು ಪ್ರಯೋಗಕ್ಕೆಂದು ವಿನ್ನಿಪೆಗ್‌ನ ಉಡುಪು ಕಾರ್ಖಾನೆಗಳಿಗೆ ಹೊಲಿಗೆ ಯಂತ್ರದ ಕೆಲಸಗಾರರನ್ನು ಹೊರದೇಶಗಳಿಂದ ಕರೆಸಿತು. ಸೊಲ್ಲಾಪುರದಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಗಳನ್ನು ಕಂಡವರಿಗೆ ಅಂಥ ಕೆಲಸಗಾರರ ಬೆಲೆ ಗೊತ್ತು. 1998ರಲ್ಲಿ ಮ್ಯಾನಿಟೋಬಾ ಕೇಂದ್ರದೊಂದಿಗೆ ನಾಮನಿರ್ದೇಶನದ ಒಪ್ಪಂದಕ್ಕೆ ಸಹಿ ಹಾಕಿತು. ಇಂದು ಕ್ವಿಬೆಕ್ ಮತ್ತು ನೂನವುಟ್ ಬಿಟ್ಟರೆ ಕೆನಡಾದ ಎಲ್ಲ ಪ್ರಾಂತ್ಯ, ಪ್ರದೇಶಗಳಲ್ಲೂ ಈ ವ್ಯವಸ್ಥೆ ಇದೆ.

ಕೆನಡಾದಲ್ಲಿ ಇದರ ತೂಕ ಎಷ್ಟೆಂದು ನೋಡೋಣ. 2015ರ ಜನವರಿಯಿಂದ ಅಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವ್ಯವಸ್ಥೆ ಇದೆ. ಅರ್ಹರೆಲ್ಲ ಹೆಸರು ನೋಂದಾಯಿಸಿ ಒಂದು ಕೊಳದಲ್ಲಿ ಕಾಯುತ್ತಾರೆ. ಗರಿಷ್ಠ ಅಂಕ 1,200. ಆಗಾಗ ನಡೆಯುವ ಡ್ರಾನಲ್ಲಿ ಮೇಲಿನ ಅಂಕದವರಿಗೆ ಅರ್ಜಿ ಸಲ್ಲಿಸಲು ಆಹ್ವಾನ ಬರುತ್ತದೆ. ಡ್ರಾ ಎಂದರೂ ಇದು ಲಾಟರಿ ಅಲ್ಲ, ಅಂಕದ ಸಾಲು. ಇತ್ತೀಚಿನ ವರ್ಷಗಳಲ್ಲಿ ಕೆನಡಾದ ಅನುಭವ ಇರುವವರ ಸುತ್ತುಗಳಲ್ಲೂ ಕನಿಷ್ಠ ಅಂಕ 500 ದಾಟಿದ್ದುಂಟು. 430 ಅಂಕದವನು ವರ್ಷಗಟ್ಟಲೆ ಅಲ್ಲೇ ಉಳಿಯಬೇಕಾದೀತು. ಆದರೆ ಒಂದು ಪ್ರಾಂತ್ಯ ನಾಮನಿರ್ದೇಶನ ಮಾಡಿದರೆ ಒಂದೇ ಏಟಿಗೆ 600 ಅಂಕ ಸೇರುತ್ತದೆ. 430 ಇದ್ದದ್ದು 1,030 ಆಗುತ್ತದೆ, ಆಹ್ವಾನ ಬಹುತೇಕ ಖಚಿತ. ಎಕ್ಸ್‌ಪ್ರೆಸ್ ಎಂಟ್ರಿಗೆ ಅರ್ಹತೆ ಸಾಲದವರನ್ನೂ ಪ್ರಾಂತ್ಯಗಳು ಪ್ರತ್ಯೇಕ ವಿಭಾಗಗಳಲ್ಲಿ ನಾಮನಿರ್ದೇಶನ ಮಾಡುವುದುಂಟು. ಆ ಹಾದಿ ನಿಧಾನದ್ದು, ಆದರೆ ಪದವಿ ಇಲ್ಲದ ಕುಶಲಕರ್ಮಿಗೆ ಎಷ್ಟೋ ಸಲ ಅದೇ ಹಾದಿ.

ಆಸ್ಟ್ರೇಲಿಯಾದ ಲೆಕ್ಕ ಸ್ವಲ್ಪ ಬೇರೆ. ಅದನ್ನು ಒಂದು ಉದಾಹರಣೆಯಿಂದಲೇ ಬಿಡಿಸಿ ಹೇಳುವುದು ಒಳ್ಳೆಯದು. ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ ಮಾಡುವ 31 ವರ್ಷದ ಎಲೆಕ್ಟ್ರಿಷಿಯನ್ ಒಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ಕಲಬುರಗಿ ಕಡೆಯವನು, ಮದುವೆಯಾಗಿದೆ. 25ರಿಂದ 32 ವರ್ಷದೊಳಗಿನವರಿಗೆ ವಯಸ್ಸಿಗಾಗಿ 30 ಅಂಕ. ಅವನ ಐಟಿಐ ತರಬೇತಿಯನ್ನು ಅಲ್ಲಿಯ ಪರಿಶೀಲನಾ ಸಂಸ್ಥೆ ಮಾನ್ಯ ಮಾಡಿದರೆ 10. ಐದು ವರ್ಷಕ್ಕಿಂತ ಹೆಚ್ಚಿನ ಅನುಭವ ಲೆಕ್ಕಕ್ಕೆ ಬಂದರೆ 10. ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗಗಳಲ್ಲಿ 7 ಬ್ಯಾಂಡ್ ತೆಗೆದರೆ 10, 6 ಮಾತ್ರ ಬಂದರೆ ಸೊನ್ನೆ. ಹೆಂಡತಿಯೂ ಇಂಗ್ಲಿಷ್ ಪರೀಕ್ಷೆ ಬರೆದು 6 ಬ್ಯಾಂಡ್ ಗಳಿಸಿದರೆ ಇನ್ನೂ 5. ಕೂಡಿದರೆ 65. ಇದು ಕನಿಷ್ಠ ಅರ್ಹತೆ, ಅಷ್ಟೇ. ಯಾರ ನಾಮನಿರ್ದೇಶನವೂ ಇಲ್ಲದ 189 ವೀಸಾದ ಪೈಪೋಟಿಯಲ್ಲಿ 65 ಅಂಕದವನು ಬಾಲದಲ್ಲಿ ನಿಲ್ಲುತ್ತಾನೆ. ಒಂದು ರಾಜ್ಯ 190ಕ್ಕೆ ನಾಮನಿರ್ದೇಶನ ಮಾಡಿದರೆ 5 ಅಂಕ ಸೇರಿ 70. ಗ್ರಾಮೀಣ, ಪ್ರಾದೇಶಿಕ ಭಾಗಕ್ಕೆ ಹೋಗಲು ಒಪ್ಪಿ 491ಕ್ಕೆ ನಾಮನಿರ್ದೇಶನ ಪಡೆದರೆ 15 ಸೇರಿ 80.

ಈ ಲೆಕ್ಕದಲ್ಲಿ ಹೆಂಡತಿಯ 5 ಅಂಕವನ್ನು ನಮ್ಮ ಮನೆಗಳು ಮರೆತೇಬಿಡುತ್ತವೆ. ಗಂಡನ ಕೋಚಿಂಗಿಗೆ ಸಾವಿರಗಟ್ಟಲೆ ಸುರಿಯುವವರು ಹೆಂಡತಿಯ ಇಂಗ್ಲಿಷ್ ಪರೀಕ್ಷೆಯನ್ನು ದಂಡದ ಖರ್ಚು ಎಂದುಕೊಳ್ಳುತ್ತಾರೆ. ಆಕೆ ನರ್ಸ್ ಆಗಿದ್ದರೆ ಅರ್ಜಿಯೇ ಆಕೆಯ ಹೆಸರಿನಲ್ಲಿ ಹೋಗುವುದು ಲೇಸು. ಗಂಡನೇ ಮುಖ್ಯ ಅರ್ಜಿದಾರನಾಗಬೇಕೆಂಬ ನಿಯಮ ಯಾವ ದೇಶದಲ್ಲೂ ಇಲ್ಲ, ಇರುವುದು ನಮ್ಮ ಜಗಲಿಯಲ್ಲಿ. ಎರಡೂ ಹೆಸರುಗಳಲ್ಲಿ ಅಂಕ ಕೂಡಿಸಿ ನೋಡಿ, ಯಾರದು ಹೆಚ್ಚೋ ಅವರನ್ನು ಮುಂದೆ ಮಾಡಿ.

491 ಎಂಬುದು ಇಳಿದ ಕೂಡಲೇ ಸಿಗುವ ಪಿಆರ್ ಅಲ್ಲ. 2019ರ ನವೆಂಬರ್ 16ರಿಂದ ಜಾರಿಗೆ ಬಂದ ಇದು ಐದು ವರ್ಷದ ತಾತ್ಕಾಲಿಕ ವೀಸಾ. ನಿಗದಿ ಮಾಡಿದ ಪ್ರದೇಶದಲ್ಲೇ ವಾಸ, ಅಲ್ಲೇ ಕೆಲಸ, ಅಲ್ಲೇ ಓದು. ಮೂರು ವರ್ಷ ಹಾಗೆ ಇದ್ದು, ಮೂರು ವರ್ಷದ ಆದಾಯ ತೆರಿಗೆಯ ಕಾಗದ ತೋರಿಸಿದ ಮೇಲೆ 191 ಎಂಬ ಕಾಯಂ ವೀಸಾಕ್ಕೆ ಅರ್ಜಿ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಈ ಮೂರನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ದೇಶ ಈ ಲೆಕ್ಕದಲ್ಲಿ ‘ಪ್ರಾದೇಶಿಕ’. ಪರ್ತ್, ಅಡಿಲೇಡ್, ಕ್ಯಾನ್ಬೆರಾ, ಹೋಬಾರ್ಟ್‌ನಂಥ ರಾಜಧಾನಿಗಳೂ ಇದರೊಳಗೇ ಬರುತ್ತವೆ. ಪ್ರಾದೇಶಿಕ ಎಂದೊಡನೆ ಕುರಿ ಮೇಯುವ ಬಯಲನ್ನು ಕಣ್ಣಿಗೆ ತಂದುಕೊಂಡು ಹಿಂಜರಿಯುವವರಿಗೆ ಇದು ಗೊತ್ತಿರಬೇಕು. ಹಾಗೆಯೇ ಈ ಹಾದಿ ಮೂಲೆಯಲ್ಲಿರುವ ಸಣ್ಣ ಓಣಿಯೂ ಅಲ್ಲ. 2024-25ರ ಸಾಲಿನಲ್ಲಿ ಆಸ್ಟ್ರೇಲಿಯಾ ಕಾಯಂ ವಲಸೆಗೆ ಇಟ್ಟ 1,85,000 ಸ್ಥಾನಗಳಲ್ಲಿ ರಾಜ್ಯಗಳ ನಾಮನಿರ್ದೇಶನಕ್ಕೆ 33,000, ಪ್ರಾದೇಶಿಕ ವಿಭಾಗಕ್ಕೆ 33,000 ಇದ್ದವು. ಸ್ವತಂತ್ರ 189ಕ್ಕೆ ಇದ್ದದ್ದು 16,900.

ಅಂಕ ಕೂಡುವುದು ಸುಲಭದ ಭಾಗ. ನಮ್ಮ ಕೆಲಸಗಾರ ನಿಜವಾಗಿ ಸೋಲುವುದು ಕಾಗದದಲ್ಲಿ. ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದಿರುತ್ತಾನೆ, ಆದರೆ ಗುತ್ತಿಗೆದಾರನ ಕೈಕೆಳಗೆ. ಮೂರು ಗುತ್ತಿಗೆದಾರರು ಬದಲಾಗಿರುತ್ತಾರೆ, ಗೇಟ್ ಪಾಸ್ ಮಾತ್ರ ಅದೇ ಕಂಪನಿಯದು. ನೇಮಕಾತಿ ಪತ್ರ ಇಲ್ಲ, ಸಂಬಳದ ಚೀಟಿ ಇಲ್ಲ, ಕೆಲವು ತಿಂಗಳು ಕೈಗೆ ನಗದು. ಕೌಶಲ ಪರಿಶೀಲಿಸುವ ಸಂಸ್ಥೆ ಕೇಳುವುದು ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಎಂದಿನಿಂದ ಎಂದಿನವರೆಗೆ, ಸಂಬಳ ಎಷ್ಟು ಎಂದು ಬರೆದ ಅನುಭವ ಪತ್ರ ಮತ್ತು ಅದಕ್ಕೆ ತಾಳೆಯಾಗುವ ಬ್ಯಾಂಕ್ ಖಾತೆಯ ವಿವರ. ಇಂಥ ಕಡೆ ಭವಿಷ್ಯ ನಿಧಿಯ ಪಾಸ್‌ಬುಕ್ ಎಷ್ಟೋ ಜನರನ್ನು ಕಾಯಬಲ್ಲದು. ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಒಂದೇ ಆಗಿದ್ದರೆ ಯಾವ ಮಾಲೀಕನ ಹತ್ತಿರ ಯಾವ ತಿಂಗಳು ದುಡಿದೆ ಎಂಬುದಕ್ಕೆ ಅದು ಸರ್ಕಾರಿ ಸಾಕ್ಷಿ. ವಿದೇಶಕ್ಕೆ ಹೋಗುವ ಯೋಚನೆ ಇರಲಿ ಬಿಡಲಿ, ಪಿಎಫ್ ಕಟ್ಟಿಸಿಕೊಳ್ಳುವುದು ಕೆಲಸಗಾರನ ಹಕ್ಕು, ಅದನ್ನು ಕೇಳಲು ಅಂಜಬೇಕಿಲ್ಲ.

ಹೆಸರಿನ ಗೋಜಲು ಇನ್ನೊಂದು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ನಡುವೆ, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಮುಂದೆ. ಕರ್ನಾಟಕದಲ್ಲಿ ಶಾಲೆ, ಮಹಾರಾಷ್ಟ್ರದಲ್ಲಿ ಕೆಲಸ ಎಂದಾದರೆ ಒಬ್ಬನೇ ಮನುಷ್ಯ ಕಾಗದದಲ್ಲಿ ಮೂವರಾಗಿರುತ್ತಾನೆ. ಇವನ್ನೆಲ್ಲ ಸರಿಪಡಿಸಲು ತಿಂಗಳುಗಳೇ ಬೇಕು. ವಯಸ್ಸಿನ ಅಂಕವೋ ಹುಟ್ಟುಹಬ್ಬ ಬಂದಂತೆ ಕರಗುತ್ತದೆ. ಆಸ್ಟ್ರೇಲಿಯಾದಲ್ಲಿ 33 ತುಂಬಿದ ದಿನ 30 ಇದ್ದದ್ದು 25 ಆಗುತ್ತದೆ, 40 ತುಂಬಿದರೆ 15, 45 ತುಂಬಿದ ಮೇಲೆ ಆಹ್ವಾನವೇ ಇಲ್ಲ. ಇಂಗ್ಲಿಷ್ ಕೋಚಿಂಗ್ ಸೇರುವ ಮೊದಲೇ ಹೆಸರು ಸರಿಪಡಿಸುವ ಕೆಲಸ ಶುರುವಾಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಯಾವ ಕೆಲಸ ಯಾರಿಗೆ ಬೇಕು ಎಂಬ ಪಟ್ಟಿಗಳೂ ಸ್ಥಿರವಲ್ಲ. ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತು ದುಡಿಯುವ ಇಬ್ಬರಲ್ಲಿ ವಿದ್ಯುತ್ ವಿಭಾಗದವನ ಕೆಲಸ ಪಟ್ಟಿಯಲ್ಲಿ ಇರಬಹುದು, ಐಟಿಐನಲ್ಲಿ ಎಒಸಿಪಿ ಎಂಬ ಟ್ರೇಡ್ ಓದಿ ರಾಸಾಯನಿಕ ಪ್ಲಾಂಟ್ ನಡೆಸುವವನದು ಇರದೇ ಹೋಗಬಹುದು. ಒಂದು ರಾಜ್ಯ ಈ ವರ್ಷ ಕೇಳಿದ್ದನ್ನು ಮುಂದಿನ ವರ್ಷ ಕೈಬಿಡಬಹುದು. ಇನ್ನು ಕೆಲವು ಕೆಲಸಗಳಿಗೆ ವೀಸಾ ಸಿಕ್ಕರೂ ಸಾಲದು, ಅಲ್ಲಿಯ ಲೈಸೆನ್ಸ್ ಬೇಕು. ಎಲೆಕ್ಟ್ರಿಷಿಯನ್ ಆಸ್ಟ್ರೇಲಿಯಾಕ್ಕೆ ಹೋದ ದಿನವೇ ತಾನೊಬ್ಬನೇ ತಂತಿ ಮುಟ್ಟುವಂತಿಲ್ಲ, ಮೊದಲು ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ಅಲ್ಲಿಯ ನಿಯಮ ಕಲಿಯಬೇಕು. ನರ್ಸ್ ಅಲ್ಲಿಯ ನೋಂದಣಿ ಪಡೆಯಬೇಕು. ಇದರಲ್ಲಿ ಅವಮಾನವೇನೂ ಇಲ್ಲ. ಆದರೆ ಮೊದಲ ವರ್ಷದ ಸಂಬಳವನ್ನು ಏಜೆಂಟ್ ತೋರಿಸುವ ಅಂಕಿಯಿಂದ ಲೆಕ್ಕ ಹಾಕಿ ಇಲ್ಲಿ ಸಾಲ ಮಾಡಿಕೊಂಡವರಿಗೆ ಅದು ಕುತ್ತಿಗೆಗೆ ಬರುತ್ತದೆ.

ಏಜೆಂಟರ ವಿಷಯಕ್ಕೆ ಬಂದೆ. ನಾಮನಿರ್ದೇಶನವನ್ನು ಯಾರೂ ಮಾರಲಾರರು. ‘ಸಸ್ಕಾಚೆವಾನ್ ಕೋಟಾದಲ್ಲಿ ಒಂದು ಸೀಟು ಹಿಡಿದಿಟ್ಟಿದ್ದೇನೆ ಸರ್’ ಎನ್ನುವವನು ಸುಳ್ಳು ಹೇಳುತ್ತಿದ್ದಾನೆ. ಅರ್ಜಿಯನ್ನು ಅವರವರೇ ಆನ್‌ಲೈನಿನಲ್ಲಿ ಹಾಕಬಹುದು, ಏಜೆಂಟ್ ಕಡ್ಡಾಯವಲ್ಲ. ನೆರವು ಬೇಕೆಂದಾದರೆ, ಕೆನಡಾದ ವಲಸೆ ವಿಷಯದಲ್ಲಿ ಹಣ ಪಡೆದು ಸಲಹೆ ಕೊಡುವ ಅಧಿಕಾರ ಇರುವುದು ಅಲ್ಲಿಯ ವಕೀಲರಂಥ ಕಾನೂನು ವೃತ್ತಿಯವರಿಗೆ ಮತ್ತು ವಲಸೆ ಸಲಹೆಗಾರರ ಕಾಲೇಜು ಎಂಬ ನಿಯಂತ್ರಣ ಸಂಸ್ಥೆಯ ಸದಸ್ಯರಿಗೆ ಮಾತ್ರ. ಸದಸ್ಯತ್ವದ ಸಂಖ್ಯೆ ಕೇಳಿ, ಸಂಸ್ಥೆಯ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ಆಸ್ಟ್ರೇಲಿಯಾದಲ್ಲೂ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಸರ್ಕಾರಕ್ಕೆ ಕಟ್ಟುವ ಹಣ ಎಷ್ಟೆಂಬುದೂ ಬಹಿರಂಗ. ಕೆನಡಾದ ಕಾಯಂ ವಾಸಕ್ಕೆ 2024ರ ಏಪ್ರಿಲ್ 30ರಿಂದ ಒಬ್ಬ ಅರ್ಜಿದಾರನಿಗೆ ಎರಡೂ ಶುಲ್ಕ ಸೇರಿ 1,525 ಕೆನಡಾ ಡಾಲರ್ ನಿಗದಿಯಾಯಿತು. ಪ್ರಾಂತ್ಯದ ಶುಲ್ಕ, ಭಾಷಾ ಪರೀಕ್ಷೆ, ವಿದ್ಯಾರ್ಹತೆಯ ಪರಿಶೀಲನೆ, ವೈದ್ಯಕೀಯ ತಪಾಸಣೆ ಬೇರೆ. ಇವೆಲ್ಲ ಕೂಡಿಸಿದ ಮೇಲೂ ಏಜೆಂಟ್ ಹೇಳುವ ಮೊತ್ತ ಹಲವು ಪಟ್ಟು ಹೆಚ್ಚಿದ್ದರೆ ಆ ಉಳಿದ ಹಣ ಯಾವುದಕ್ಕೆ ಎಂದು ಕೇಳಬೇಕು, ಉತ್ತರವನ್ನು ಬರೆಸಿಕೊಳ್ಳಬೇಕು.

ಇದಕ್ಕಿಂತ ಅಪಾಯದ್ದು ಸುಳ್ಳು ಅನುಭವ ಪತ್ರ. ಕೆನಡಾದಲ್ಲಿ ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಐದು ವರ್ಷ ಬಾಗಿಲು ಮುಚ್ಚುತ್ತದೆ, ಆಸ್ಟ್ರೇಲಿಯಾದಲ್ಲಿ ಮೂರು ವರ್ಷ. ಕಾಗದ ಮಾಡಿಕೊಟ್ಟವನು ಯಾರೇ ಆಗಲಿ ಶಿಕ್ಷೆ ಅರ್ಜಿದಾರನಿಗೇ. ನಕಲಿ ಉದ್ಯೋಗ ಪತ್ರಗಳ ಮಾರಾಟ ಎಷ್ಟು ಬೆಳೆಯಿತೆಂದರೆ ಕೆನಡಾ 2025ರ ಮಾರ್ಚ್ 25ರಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಉದ್ಯೋಗದ ಭರವಸೆಗೆ ಕೊಡುತ್ತಿದ್ದ ಅಂಕವನ್ನೇ ಕಿತ್ತುಹಾಕಿತು. ನಿಜವಾಗಿ ಕೆಲಸ ಗಿಟ್ಟಿಸಿಕೊಂಡವರೂ ಅದರಿಂದ ನಷ್ಟಕ್ಕೆ ಒಳಗಾದರು.

ಕೆನಡಾದ ಹಾದಿ 2025ರಲ್ಲಿ ಕಿರಿದಾಗಿತ್ತು ಎಂಬುದನ್ನೂ ಮುಚ್ಚಿಡಬಾರದು. 2025ರಲ್ಲಿ ಪ್ರಾಂತ್ಯಗಳ ನಾಮನಿರ್ದೇಶನದಿಂದ 1,20,000 ಜನರನ್ನು ಕರೆಯುತ್ತೇವೆ ಎಂದಿದ್ದ ಕೇಂದ್ರ, 2024ರ ಅಕ್ಟೋಬರ್‌ನಲ್ಲಿ ಆ ಗುರಿಯನ್ನು 55,000ಕ್ಕೆ ಇಳಿಸಿತು. ಮನೆ ಬಾಡಿಗೆ, ಆಸ್ಪತ್ರೆಯ ಸಾಲು, ಇವು ಅಲ್ಲಿಯ ರಾಜಕೀಯದ ದೊಡ್ಡ ಪ್ರಶ್ನೆಗಳಾಗಿದ್ದವು. ಪ್ರಾಂತ್ಯಗಳು ಬಹಿರಂಗವಾಗಿಯೇ ಅಸಮಾಧಾನ ತೋರಿಸಿದವು. ಅದಕ್ಕೂ ಮಿಗಿಲಾಗಿ, ನಾಮನಿರ್ದೇಶನದ ಮುಕ್ಕಾಲು ಪಾಲು ಆಗಲೇ ಕೆನಡಾದಲ್ಲಿರುವವರಿಗೇ ಹೋಗಬೇಕೆಂಬ ಷರತ್ತು ಬಂತು, ಸಸ್ಕಾಚೆವಾನ್ ಅದನ್ನು ತನ್ನ ಪ್ರಕಟಣೆಯಲ್ಲೇ ಹೇಳಿತು. ಆ ವರ್ಷ ದೌಂಡದಲ್ಲೋ ಬೀದರಿನಲ್ಲೋ ಕುಳಿತು ಅರ್ಜಿ ಹಾಕಿದವನಿಗೆ ಇದರ ಅರ್ಥ ಸ್ಪಷ್ಟವಿತ್ತು: ಉಳಿದ ಕಾಲು ಪಾಲಿಗೆ ಇಡೀ ಜಗತ್ತಿನೊಂದಿಗೆ ಪೈಪೋಟಿ. ಹಳೆಯ ವರ್ಷಗಳ ಯಶಸ್ಸಿನ ಕತೆ ಹೇಳಿ ಇಂದು ಹಣ ಕೇಳುವವರನ್ನು ದೂರವೇ ಇಡುವುದು ಕ್ಷೇಮ.

ಪಿಆರ್ ಸಿಕ್ಕ ಮೇಲೆ ನಾಮನಿರ್ದೇಶನ ಮಾಡಿದ ಊರಿನಲ್ಲೇ ಇರಬೇಕೇ? ಎಲ್ಲರೂ ಕೇಳುವ ಪ್ರಶ್ನೆ ಇದು, ಹೆಚ್ಚಿನವರು ದನಿ ತಗ್ಗಿಸಿ ಕೇಳುತ್ತಾರೆ. ಕೆನಡಾದ ಹಕ್ಕುಗಳ ಸನ್ನದಿನ 6ನೇ ಕಲಮು ನಾಗರಿಕರಿಗೂ ಕಾಯಂ ವಾಸಿಗಳಿಗೂ ಯಾವ ಪ್ರಾಂತ್ಯದಲ್ಲಾದರೂ ನೆಲೆಸುವ ಹಕ್ಕು ಕೊಟ್ಟಿದೆ. ಹಾಗಾಗಿ ಪಿಆರ್ ಕೈಗೆ ಬಂದ ಮೇಲೆ ಮ್ಯಾನಿಟೋಬಾದಿಂದ ಟೊರಾಂಟೊಗೆ ಹೋದವನನ್ನು ಕಟ್ಟಿಹಾಕಲಾಗದು. ಆದರೆ ಅರ್ಜಿ ಹಾಕುವಾಗ ‘ಇಲ್ಲೇ ಇರುತ್ತೇನೆ’ ಎಂದದ್ದು ನಿಜವಾಗಿರಬೇಕು. ಆಗಲೇ ಮನಸ್ಸು ಬೇರೆ ಕಡೆ ಇತ್ತೆಂದು ಸಾಬೀತಾದರೆ ಅದೂ ಸುಳ್ಳು ಹೇಳಿಕೆಯೇ. ಆಸ್ಟ್ರೇಲಿಯಾದ 190ರಲ್ಲಿ ನಾಮನಿರ್ದೇಶನ ಮಾಡಿದ ರಾಜ್ಯದಲ್ಲಿ ಎರಡು ವರ್ಷ ಇರುತ್ತೇನೆಂದು ಸಾಮಾನ್ಯವಾಗಿ ಮಾತು ಕೊಡಬೇಕು. 491ರಲ್ಲಿ ಅದು ಮಾತಷ್ಟೇ ಅಲ್ಲ, ವೀಸಾದ ಷರತ್ತು.

ನನ್ನ ನಿಲುವು ಕಾನೂನಿಗಿಂತ ಒಂದು ಹೆಜ್ಜೆ ಮುಂದಿದೆ. ಒಂದು ಸಣ್ಣ ಊರು ತನ್ನ ಪಾಲಿನ ಕೆಲವೇ ಸ್ಥಾನಗಳಲ್ಲಿ ಒಂದನ್ನು ನಿಮಗೆ ಕೊಟ್ಟಿದೆ. ಅಲ್ಲಿಯ ಆಸ್ಪತ್ರೆಗೆ ನರ್ಸ್ ಬೇಕಿತ್ತು, ಗ್ಯಾರೇಜಿಗೆ ಮೆಕ್ಯಾನಿಕ್ ಬೇಕಿತ್ತು. ವಿಮಾನದಿಂದ ಇಳಿದವರೇ ದೊಡ್ಡ ನಗರದ ಬಸ್ಸು ಹತ್ತಿದರೆ ಆ ಊರಿನ ಆಸ್ಪತ್ರೆಯಲ್ಲಿ ಹುದ್ದೆ ಖಾಲಿಯೇ ಉಳಿಯುತ್ತದೆ, ಮುಂದಿನ ಸಲ ನಮ್ಮ ಕಡೆಯ ಅರ್ಜಿ ಬಂದಾಗ ಆ ಊರು ಅನುಮಾನದಿಂದ ನೋಡುತ್ತದೆ. ಕೊಟ್ಟ ಮಾತಿನಂತೆ ಎರಡು ಮೂರು ವರ್ಷವಾದರೂ ಅಲ್ಲಿ ದುಡಿಯುವುದು ನಮ್ಮ ಹಿಂದೆ ಬರುವವರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ.

ಹಾಗೆಂದು ಊರು ಆರಿಸುವಾಗ ಕಣ್ಣು ಮುಚ್ಚಿಕೊಳ್ಳಬಾರದು. ಒಂದೇ ಉದ್ಯಮವನ್ನು ನಂಬಿದ ಊರಿನ ಗತಿ ಏನಾಗುತ್ತದೆಂದು ಕನ್ನಡಿಗರಿಗೆ ಕೆಜಿಎಫ್ ಕಲಿಸಿದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಒಂದು ಇಡೀ ಪಟ್ಟಣ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ದಕ್ಷಿಣ ಆಸ್ಟ್ರೇಲಿಯಾದ ವಯಾಲ್ಲಾ ಕೂಡ ಅಂಥದೇ ಉಕ್ಕಿನ ಊರು. ಅಲ್ಲಿಯ ಉಕ್ಕಿನ ಕಾರ್ಖಾನೆಯನ್ನು 2025ರ ಫೆಬ್ರುವರಿಯಲ್ಲಿ ಅಲ್ಲಿಯ ಸರ್ಕಾರ ಮಾಲೀಕರ ಕೈಯಿಂದ ಬಿಡಿಸಿ ಆಡಳಿತಾಧಿಕಾರಿಗಳಿಗೆ ಒಪ್ಪಿಸಬೇಕಾಯಿತು. ತಾತ್ಕಾಲಿಕ ವೀಸಾದಲ್ಲಿರುವವನ ಕೆಲಸ ಹೀಗೆ ತೂಗುಯ್ಯಾಲೆಗೆ ಬಿದ್ದರೆ ಸಂಬಳದ ಜೊತೆಗೆ ಪಿಆರ್‌ನ ಮೂರು ವರ್ಷದ ಲೆಕ್ಕವೂ ಅಲುಗಾಡುತ್ತದೆ. ನಾಮನಿರ್ದೇಶನಕ್ಕೆ ಮೊದಲು ಆ ಪ್ರದೇಶದಲ್ಲಿ ನಿಮ್ಮ ಕೆಲಸಕ್ಕೆ ಒಬ್ಬನೇ ಮಾಲೀಕನಿದ್ದಾನೋ ಹತ್ತು ಮಂದಿ ಇದ್ದಾರೋ ನೋಡಿಕೊಳ್ಳಬೇಕು. ಚಳಿಯನ್ನೂ ನೋಡಿಕೊಳ್ಳಬೇಕು. ಕಲಬುರಗಿಯ ಬಿಸಿಲಿಗೆ ಒಗ್ಗಿದ ಮೈ ಜನವರಿಯಲ್ಲಿ ವಿನ್ನಿಪೆಗ್‌ನ ಸೊನ್ನೆಗಿಂತ 20, 30 ಡಿಗ್ರಿ ಕೆಳಗಿನ ಗಾಳಿಯಲ್ಲಿ ಬಸ್ಸಿಗೆ ಕಾಯಬೇಕು. ಪುಣೆಗೆ ಬಂದ ಕನ್ನಡಿಗರಿಗೆ 1918ರಿಂದಲೇ ಒಂದು ಕನ್ನಡ ಸಂಘ ಇದೆ, ಅದು ಕಟ್ಟಿದ ಶಾಲೆ ಇದೆ. ಕೆನಡಾದ ಅಥವಾ ಆಸ್ಟ್ರೇಲಿಯಾದ ಸಣ್ಣ ಊರಿನಲ್ಲಿ ಕನ್ನಡ ಮಾತಾಡುವ ಮೊದಲ ಮನೆ ನಿಮ್ಮದೇ ಆಗಿರಬಹುದು.

ಇನ್ನೊಂದು ಮಾತು ಹೆತ್ತವರದು. ಪಿಆರ್ ಎಂದರೆ ಹೆಂಡತಿ ಮಕ್ಕಳಿಗೂ ಪಿಆರ್, ಅದರಲ್ಲಿ ತೊಡಕಿಲ್ಲ. ಅಪ್ಪ ಅಮ್ಮನಿಗೆ ಹಾಗಲ್ಲ. ಆಸ್ಟ್ರೇಲಿಯಾದಲ್ಲಿ ತಂದೆತಾಯಿಗೆಂದು ಇರುವ ಕಡಿಮೆ ಖರ್ಚಿನ ಕಾಯಂ ವೀಸಾಕ್ಕೆ ಈಗ ಅರ್ಜಿ ಹಾಕಿದರೆ 30 ವರ್ಷಕ್ಕೂ ಹೆಚ್ಚು ಕಾಯಬೇಕೆಂದು ಅಲ್ಲಿಯ ಇಲಾಖೆಯೇ ಹೇಳುತ್ತದೆ. ಬೇಗ ಸಿಗುವ ಇನ್ನೊಂದು ವೀಸಾಕ್ಕೆ ಕೊಡಬೇಕಾದ ಹಣ ಮಧ್ಯಮ ವರ್ಗದ ಕೈಗೆಟುಕುವುದಿಲ್ಲ. ಕೆನಡಾದ ಸೂಪರ್ ವೀಸಾದಲ್ಲಿ 2022ರ ಜುಲೈಯಿಂದ ಒಂದು ಸಲ ಹೋದರೆ ಐದು ವರ್ಷದವರೆಗೆ ಮಕ್ಕಳ ಜೊತೆ ಇರಬಹುದು, ಆದರೆ ಖಾಸಗಿ ಆರೋಗ್ಯ ವಿಮೆ ಕೊಳ್ಳಬೇಕು, ಮಗನ ಅಥವಾ ಮಗಳ ಆದಾಯ ನಿಗದಿತ ಮಟ್ಟ ಮುಟ್ಟಬೇಕು. ಒಬ್ಬನೇ ಮಗ, ಊರಿನಲ್ಲಿ ಸಕ್ಕರೆ ಕಾಯಿಲೆಯ ತಂದೆ, ಮಂಡಿನೋವಿನ ತಾಯಿ ಎಂಬ ಮನೆಗಳಲ್ಲಿ ಈ ಲೆಕ್ಕ ಅಂಕದ ಲೆಕ್ಕಕ್ಕಿಂತ ಮೊದಲು ಆಗಬೇಕು. ಅಪ್ಪ ಅಮ್ಮನನ್ನು ಎದುರಿಗೆ ಕೂರಿಸಿಕೊಂಡೇ, ಐಇಎಲ್‌ಟಿಎಸ್ ಶುಲ್ಕ ಕಟ್ಟುವ ಮೊದಲೇ.